ಗೆದ್ದು ಬರುವ ತನಕ

ನಮ್ಮ ಮನೆಯಲ್ಲಿ ಯಾರಿಗೂ ಓಟಿರಲಿಲ್ಲ. ನಮ್ಮ ಓಣಿಯಲ್ಲಿಯೂ ಇರಲಿಲ್ಲ, ಗಡಹಿಂಗ್ಲಜದ ಆ ತುದಿಯಿಂದ ಈ ತುದಿಯವರೆಗೆ ಹುಡುಕಿದರೂ ಒಂದು ಓಟು ಸಿಗುತ್ತಿರಲಿಲ್ಲ. ನಾವು ಕೊಲ್ಲಾಪುರ ಸಂಸ್ಥಾನದ ಪ್ರಜೆಗಳು. ದಿಲ್ಲಿಯ ದೊಡ್ಡ ಸಭೆಗೆ ಯಾರು ಹೋಗಬೇಕೆನ್ನುವುದನ್ನು ಗಡಿಯಾಚೆಯ ಇಂಗ್ರೇಜಿ ಮುಲುಕಿನ, ಎಂದರೆ ಬ್ರಿಟಿಷ್ ಸರಕಾರದ ಸೀಮೆಯ ಜನ, ಅವರಲ್ಲೂ ಉಳ್ಳವರು, ತೀರ್ಮಾನಿಸುತ್ತಿದ್ದರು. ಗಡಿಯೆಂದರೆ ಏನು ಮಹಾ ದೂರ! ಬೆಳಗಿನ ಗಾಡಿಯಲ್ಲಿ ಸಂಕೇಶ್ವರದ ಸಂತೆಗೆ ಹೋಗಿ ಸಂಜೆಯ ಊಟಕ್ಕೆ ಮನೆಗೆ ಬರಬಹುದಿತ್ತು. ಆದರೂ ಅವರಿಗುಂಟು, ನಮಗಿಲ್ಲ. ಈ ಅನ್ಯಾಯ ನಮ್ಮ ಮನೆಯ ಹೆಂಗಸರ ಗಮನಕ್ಕೆ ಬಂದದ್ದೇ ನಿಪ್ಪಾಣಿ ಮಾಮಾ ಇಲೆಕ್ಷನ್ನಿಗೆ ನಿಂತಾಗ. ಓಟಿಲ್ಲದವರು ಏನು ಕೊಡಬೇಕು? ನೇಮ ಕೊಟ್ಟರು. ನಮ್ಮ ಜೈನರ ಮನೆಗಳಲ್ಲಿ ನೇಮವೆಂದರೆ ನಾಲಿಗೆಗೆ ಇಷ್ಟವಾದ ಒಂದು ಪದಾರ್ಥವನ್ನು ಬಸ್ತಿಯಲ್ಲಿ ದೇವರ ಎದುರು ಹೇಳಿ ಬಿಟ್ಟುಬಿಡುವುದು. ಬಿಡುವುದರಲ್ಲಿ ನಮ್ಮವರು ಭಾರಿ ಹುಷಾರು.

ಇಲ್ಲಿ ಸಂಬಂಧವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ತಕರಾರೆಲ್ಲ ಅದರದೇ. ನಿಪ್ಪಾಣಿ ಮಾಮಾ ನನ್ನ ಅವ್ವನ ಒಡಹುಟ್ಟಿದ ಅಣ್ಣ. ವಕೀಲರು, ಎತ್ತರದ ಆಳು, ತಂಬಾಕು ಮುಟ್ಟದಿದ್ದರೂ ನಿಪ್ಪಾಣಿಯ ತಂಬಾಕಿನ ವಾಸನೆ ಅವರ ಕೋಟಿಗೆ ಅಂಟಿಕೊಂಡಿರುತ್ತಿತ್ತು. ನಮ್ಮ ಮನೆಗೆ ಬಂದರೆ ಮೊದಲು ‘ಶಾಂತಾ’ ಎಂದು ನನ್ನನ್ನು ಕೂಗುತ್ತಿದ್ದರು, ಆಮೇಲೆ ಚಪ್ಪಲಿ ಬಿಡುತ್ತಿದ್ದರು. ಸುನಂದಾ ನನ್ನ ಅಪ್ಪನ ತಂಗಿ ಚಂಪತ್ತೆಯ ಮಗಳು, ನನಗಿಂತ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಚಂಪತ್ತೆ ಮಗಳನ್ನು ಕರೆದುಕೊಂಡು ತವರಿಗೆ ಬಂದು ಉಳಿದಿದ್ದಳು. ಎಂದ ಮೇಲೆ ನಿಪ್ಪಾಣಿ ಮಾಮಾ ಸುನಂದಾಗೆ ಏನಾಗಬೇಕು? ಏನೂ ಆಗಬೇಕಾಗಿಲ್ಲ. ಆದರೂ ‘ಮಾಮಾ ಮಾಮಾ’ ಎಂದು ನನಗಿಂತ ಮೊದಲು ಓಡಿ ಅವರ ಕೈಚೀಲ ಇಸಿದುಕೊಳ್ಳುತ್ತಿದ್ದವಳು ಅವಳೇ. ಅವಳು ತೊಟ್ಟು ಬಿಟ್ಟ ಲಂಗ-ಪರಕಾರ ನನಗೆ ಬರುತ್ತಿತ್ತು, ಸಹಿಸಿಕೊಂಡೆ. ಆಯಿಯ, ಎಂದರೆ ನಮ್ಮ ಅಪ್ಪನ ತಾಯಿಯ, ಮಗ್ಗುಲಿನ ಹಾಸಿಗೆ ಅವಳದಾಯಿತು, ಅದನ್ನೂ ಸಹಿಸಿಕೊಂಡೆ. ತಂದೆಯಿಲ್ಲದ ಕೂಸು ಎನ್ನುತ್ತಿದ್ದರು ಎಲ್ಲರೂ. ತಂದೆಯಿರುವ ಕೂಸಿಗೆ ಏನೂ ಬೇಡವೆ? ಮಾಮಾ ನನ್ನವರು. ಅವರೊಬ್ಬರನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅಪ್ಪನದು ಬೆಲ್ಲದ ವ್ಯಾಪಾರ. ಸುತ್ತಲಿನ ಗಾಣಗಳಿಂದ ಬಂದ ಬೆಲ್ಲದ ಪೆಂಟೆಗಳು ಕೊಲ್ಲಾಪುರದ ಪೇಟೆಗೆ ಹೋಗುವ ಮೊದಲು ನಮ್ಮ ಪಡಸಾಲೆಯ ಎಡಗಡೆಯ ಖೋಲಿಯಲ್ಲಿ ತಂಗುತ್ತಿದ್ದವು. ಆ ಖೋಲಿಯ ಬಾಗಿಲು ತೆರೆದರೆ ಇಡೀ ಮನೆ ಸಿಹಿ ಉಸಿರು ಬಿಡುತ್ತಿತ್ತು. ನಾನು ಅದರ ಕಾಯಂ ಕಳ್ಳಿ. ಪೆಂಟೆಯ ಹಿಂಭಾಗದಲ್ಲಿ ಉಗುರಿನಿಂದ ಕೆರೆದು ತಿನ್ನುವ ಕಲೆ ನನಗೆ ಚೆನ್ನಾಗಿ ಗೊತ್ತಿತ್ತು. ಬಲಗಡೆ ಅಡಿಗೆಮನೆ, ಅಲ್ಲಿ ಆಯಿಯ ರಾಜ್ಯ. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟವಾಗಬೇಕು, ನೀರು ಬಟ್ಟೆಯಲ್ಲಿ ಸೋಸಬೇಕು, ‘ಕಾಯಿಪಲ್ಯ ಕಡಿ’ ಎನ್ನಬಾರದು, ಕಡಿಯುವುದು ಹಿಂಸೆಯ ಮಾತು, ‘ಹಸನು ಮಾಡು’ ಎನ್ನಬೇಕು. ಹೊರಗಿನ ಕಟ್ಟೆಯ ಕಲ್ಲಿನಲ್ಲಿ ಚೌಕಾಬಾರಾ ಆಟದ ಮನೆಗಳನ್ನು ಯಾರೋ ಹಿರಿಯರು ಕೊರೆದಿದ್ದರು. ಕವಡೆ ಸತ್ತ ಜೀವದ ಚಿಪ್ಪು ಎಂದು ಆಯಿ ಅದಕ್ಕೂ ಅಡ್ಡಿ ಮಾಡಿದ್ದರಿಂದ ನಾವು ಉಜ್ಜಿ ಒಡೆದ ಹುಣಸೆಬೀಜ ಒಗೆದು ಆಡುತ್ತಿದ್ದೆವು. ಎದುರಾಳಿಯ ಕಾಯಿಯನ್ನು ಎಲ್ಲರ ಮನೆಯಲ್ಲೂ ಕಡಿಯುತ್ತಾರೆ, ಹೊಡೆಯುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ‘ಊರಿಗೆ ಕಳಿಸುತ್ತಿದ್ದೆವು’. ಆ ಆಟದಲ್ಲಿ ನನ್ನನ್ನು ಸೋಲಿಸಿದವರು ನಮ್ಮ ಓಣಿಯಲ್ಲಿ ಇರಲಿಲ್ಲ. ನನ್ನಲ್ಲಿದ್ದ ಒಂದೇ ಒಂದು ಹೆಚ್ಚುಗಾರಿಕೆ ಅದು.

ಮಾಮಾ ನಿಂತ ಸುದ್ದಿ ಬಂದ ವಾರದಲ್ಲಿಯೇ ಆಯಿ ನಮ್ಮನ್ನೆಲ್ಲ ಬಸ್ತಿಗೆ ಹೊರಡಿಸಿದಳು. ಪೂಜೆ ಮಾಡುವ ಉಪಾಧ್ಯೆಯವರ ಎದುರು ಕೈಯಲ್ಲಿ ಅಕ್ಕಿ ಹಿಡಿದು ಒಬ್ಬೊಬ್ಬರಾಗಿ ನೇಮ ಹೇಳಿದೆವು. ಆಯಿ ಹಳೆಯ ತಲೆ. ‘ಓಟಿನ ಎಣಿಕಿ ಮುಗಿಯೋತನಕ ತುಪ್ಪ ಬಿಟ್ಟೇನಿ’ ಎಂದಳು. ಅವ್ವ ಎಣಿಕೆ ಮುಗಿಯುವ ತನಕ ಹಾಲು ಬಿಟ್ಟಳು. ಚಂಪತ್ತೆ ಅದಾಗಲೇ ಬದುಕಿನಲ್ಲಿ ಬಹಳಷ್ಟು ಬಿಟ್ಟವಳು, ಅವಳು ಮೊಸರು ಬಿಟ್ಟಳು, ಅದೂ ಎಣಿಕೆಯ ತನಕವೇ. ನೇಮಕ್ಕೆ ಗಡುವು ಇಡಬೇಕು, ಫಲ ಇಡಬಾರದು ಎನ್ನುವುದು ಹೆಂಗಸರಿಗೆ ಗೊತ್ತಿದ್ದ ಗುಟ್ಟು. ಸುನಂದಾಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಕಣ್ಣು ಮುಚ್ಚಿ, ಬಸ್ತಿಯೆಲ್ಲ ಕೇಳುವ ಹಾಗೆ ಹೇಳಿದಳು:

“ನಿಪ್ಪಾಣಿ ಮಾಮಾ ಗೆದ್ದು ಬರೋತನಕ ನಾ ಉಪ್ಪು ತಿನ್ನಂಗಿಲ್ಲ.”

ಉಪ್ಪು! ಚಂಪತ್ತೆ ಬಾಯಿಗೆ ಸೆರಗು ಹಿಡಿದಳು. ಆಯಿ ಎದ್ದು ಬಂದು ಅವಳನ್ನು ಎದೆಗೆ ಒತ್ತಿಕೊಂಡಳು. ಉಪಾಧ್ಯೆಯವರು ಅಭಿಷೇಕದ ಗಂಧೋದಕ ತಂದು ಅವಳ ಹಣೆಗೆ ಹಚ್ಚಿದರು. ಆ ಗದ್ದಲದಲ್ಲಿ ನನ್ನ ಸರದಿ ಬಂತು. ನನಗೆ ಹೊಟ್ಟೆ ಉರಿದು ಹೋಗಿತ್ತು. ನನ್ನ ಮಾಮಾನಿಗಾಗಿ ಉಪ್ಪು ಬಿಡಲು ಇವಳು ಯಾರು? ಅವಳಿಗಿಂತ ಉದ್ದದ, ಅವಳಿಗಿಂತ ಗಟ್ಟಿಯಾದ ನೇಮ ಹೇಳಬೇಕೆಂದು ಅಲ್ಲಿಯೇ ವಾಕ್ಯ ಕಟ್ಟಿದೆ. ‘ನನ್ನ ಸೋದರಮಾಮಾ ದಿಲ್ಲಿ ಇಲೆಕ್ಷನ್ ಗೆದ್ದು ನಮ್ಮ ಮನಿಗೆ ಬರೋತನಕ ನಾ ಬೆಲ್ಲ ಮುಟ್ಟಂಗಿಲ್ಲ’ ಎಂದು ಅಕ್ಕಿ ಬಿಟ್ಟೆ. ಸೋದರಮಾಮಾ ಎಂಬುದನ್ನು ಬೇಕೆಂದೇ ಒತ್ತಿ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಸುನಂದಾನ ಕಣ್ಣು ಒರೆಸುತ್ತಿದ್ದರು.

ಅಂದಿನಿಂದ ಸುನಂದಾ ಮನೆಯ ದೇವತೆಯಾದಳು. ಅವಳ ಸಾರಿಗೆ ಬೇರೆ ಗಡಿಗೆ, ಅವಳ ಹಿಟ್ಟಿಗೆ ಬೇರೆ ಪರಾತ. ಸಪ್ಪೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಆಯಿ ತಾನೇ ಕಲಸಿ ತುತ್ತು ಮಾಡಿ ತಿನ್ನಿಸುತ್ತಿದ್ದಳು. ತುಪ್ಪ ಬಿಟ್ಟ ಆಯಿ ತನ್ನ ಪಾಲಿನ ತುಪ್ಪವನ್ನೂ ಅವಳ ಅನ್ನಕ್ಕೇ ಸುರಿಯುತ್ತಿದ್ದಳು. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಒಳಗೆ ಇಣುಕಿ, ‘ಉಪ್ಪ ಬಿಟ್ಟಾಕಿ ಎಲ್ಲಿ ಅದಾಳ?’ ಎಂದು ಕೇಳಿ ಅವಳ ಮುಖ ನೋಡಿಕೊಂಡು ಹೋಗುತ್ತಿದ್ದರು. ಮಾಮಾ ಪ್ರಚಾರದ ನಡುವೆ ಒಮ್ಮೆ ಬಂದರು. ಸುದ್ದಿ ಕೇಳಿ ಚಪ್ಪಲಿ ಸಹ ಬಿಡದೆ ಅಂಗಳದಲ್ಲೇ ನಿಂತುಬಿಟ್ಟರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, ‘ಇಂಥಾ ಮಗಳು ನನ್ನ ಹೊಟ್ಟ್ಯಾಗ ಹುಟ್ಟಬೇಕಾಗಿತ್ತು’ ಎಂದರು. ಆ ದಿನ ಅವರು ನನ್ನ ಹೆಸರು ಹಿಡಿದು ಕೂಗಿರಲಿಲ್ಲ. ನಾನು ಬೆಲ್ಲದ ಖೋಲಿಯ ಬಾಗಿಲಿಗೆ ಬೆನ್ನು ಹಚ್ಚಿ ನಿಂತು ನೋಡಿದೆ. ಒಳಗೆ ಹೊಸ ಬೆಲ್ಲ ಬಂದಿತ್ತು, ಬಾಯಲ್ಲಿ ನೀರು ತುಂಬುತ್ತಿತ್ತು, ನಾನು ಮುಟ್ಟಿರಲಿಲ್ಲ. ಪೆಂಟೆಗಳು ಈ ವರ್ಷ ಇಡಿಯಾಗಿ ಇರುವುದನ್ನು ಅವ್ವ ಗಮನಿಸಿದ್ದಳು ನಿಜ. ಅಪ್ಪನಿಗೆ ಹೇಳಿದ್ದು ಹೀಗೆ:

“ಈ ವರ್ಷ ಇಲಿ ಕಡಿಮಿ ಆಗ್ಯಾವರಿ. ಬೆಕ್ಕು ಚಲೋ ಹತ್ತೇತಿ ಮನಿಗೆ.”

ಬೆಕ್ಕಿಗೆ ಅಂದಿನಿಂದ ಹೆಚ್ಚು ಹಾಲು ಸಿಕ್ಕಿತು. ನನ್ನ ನೇಮದ ಪುಣ್ಯವೆಲ್ಲ ಅದರ ಹೊಟ್ಟೆಗೆ ಹೋಯಿತು.

ಫಲಿತಾಂಶದ ಸುದ್ದಿ ತಂದವನು ನಮ್ಮ ಬೆಲ್ಲದ ಗಾಡಿ ಹೊಡೆಯುವ ತುಕಾರಾಮ. ಸಂಕೇಶ್ವರದಿಂದ ಬಂದವನು ಎತ್ತುಗಳ ಕೊರಳು ಬಿಚ್ಚದೆಯೇ ಬಾಗಿಲಿಗೆ ಬಂದು ಮರಾಠಿಯಲ್ಲಿ, ‘ಮಾಮಾಸಾಹೇಬ ಪಡಲೇ’ ಎಂದ. ಬಿದ್ದರು ಎಂದು. ನಮಗೆಲ್ಲ ಮರಾಠಿ ಬರುತ್ತಿತ್ತು. ಬಾರದೆ ಇದ್ದದ್ದು ಇಲೆಕ್ಷನ್ನಿನ ಮರಾಠಿ.

“ಅಯ್ಯ ಭಗವಂತಾ! ಎಲ್ಲಿ ಬಿದ್ರು? ಕಾಲಿಗೆ ಪೆಟ್ಟಾತೇನು?” ಎಂದಳು ಆಯಿ.

ಅವ್ವ ಅಷ್ಟರಲ್ಲಿ ಅರಿಸಿನ ಹಾಕಿ ಎಣ್ಣೆ ಕಾಯಿಸಲು ಇಟ್ಟಾಗಿತ್ತು.

“ಕಾಲಿಗಲ್ರಿ ಆಯಿ, ಇಲೆಕ್ಷನ್ನಿನ್ಯಾಗ ಬಿದ್ರು. ಭಾಳ ಓಟಿನಿಂದ ಬಿದ್ರಂತ. ದಿಲ್ಲಿಗೆ ಬ್ಯಾರೇದವರು ಹೋಗ್ತಾರಂತ.”

ಒಲೆಯ ಮೇಲಿನ ಎಣ್ಣೆ ಹೊಗೆಯೆದ್ದರೂ ಯಾರೂ ಇಳಿಸಲಿಲ್ಲ. ಅವ್ವ ಅಲ್ಲೇ ಕುಸಿದು ಕೂತು ಅತ್ತಳು. ಆಯಿ ಅಳಲಿಲ್ಲ, ಸೀರೆ ಬದಲಿಸಿ ನೇರ ಬಸ್ತಿಗೆ ನಡೆದಳು. ನಾವೆಲ್ಲ ಹಿಂದೆ ಹೋದೆವು. ಆಯಿ ಭಗವಂತನ ಮೂರ್ತಿಯ ಎದುರು ನಿಂತು, ಮನೆಯ ಹಿರಿಯ ಮಗನ ಜೊತೆ ಮಾತಾಡುವ ದನಿಯಲ್ಲಿ ಶುರು ಮಾಡಿದಳು:

“ನೀ ವೀತರಾಗಿ ಅದೀ, ಖರೆ. ನಿನಗ ಯಾರ ಮ್ಯಾಲೂ ಪ್ರೀತಿ ಇಲ್ಲ, ಯಾರ ಮ್ಯಾಲೂ ಸಿಟ್ಟಿಲ್ಲ, ಅದೂ ಖರೆ. ಆದ್ರ ಇಷ್ಟೂ ವೀತರಾಗಿ ಆಗಬಾರದಪಾ.”

ಉಪಾಧ್ಯೆಯವರು ಸಮಾಧಾನ ಮಾಡಲು ಬಂದರು. ಭಗವಂತ ಯಾರನ್ನೂ ಗೆಲ್ಲಿಸುವುದಿಲ್ಲ, ಸೋಲಿಸುವುದಿಲ್ಲ, ಎಲ್ಲ ಅವರವರ ಕರ್ಮ ಎಂದರು. ಹಾಗಾದರೆ ಮೊದಲೇ ಹೇಳಬೇಕಾಗಿತ್ತು, ತುಪ್ಪವಾದರೂ ಉಣ್ಣುತ್ತಿದ್ದೆ ಎಂದಳು ಆಯಿ. ಮಗ್ಗುಲಲ್ಲಿ ಪದ್ಮಾವತಿ ಅಮ್ಮನ ಗುಡಿಯಿತ್ತು. ಬೇಡಿದ್ದನ್ನು ಕೊಡುವ ದೇವಿ ಅವಳು, ವೀತರಾಗದ ನೆಪ ಅವಳಿಗಿಲ್ಲ. ಗೆದ್ದರೆ ಉಡಿಸುತ್ತೇನೆಂದು ತಂದಿಟ್ಟಿದ್ದ ಹಸಿರು ಸೀರೆಯನ್ನು ಆಯಿ ಮರುದಿನ ಒಯ್ದು, ಅವಳ ಎದುರು ಸೆರಗು ಬಿಚ್ಚಿ ತೋರಿಸಿ, ಮತ್ತೆ ಮಡಚಿ ಮನೆಗೆ ವಾಪಸ್ಸು ತಂದಳು.

ಬೆನ್ನಗೋಡೆಯ ಮನೆಯ ಗೌರವ್ವ ಲಿಂಗಾಯತರವಳು. ನಮ್ಮ ಮೇಲಿನ ಪ್ರೀತಿಗೆ ಅವಳೂ ತಮ್ಮ ಬಸವಣ್ಣನಿಗೆ ಎಲೆಪೂಜೆ ಕಟ್ಟಿಸಿದ್ದಳು. ಅವಳು ಬಂದು ಹೇಳಿದ ಸಮಾಧಾನವೇ ನಮ್ಮ ಮನೆಗೆ ಬೆಂಕಿ ಹಚ್ಚಿತು:

“ನಮ್ಮ ಬಸವಣ್ಣ ಹೂ ಕೊಟ್ಟಿದ್ದರಿ ಆಯಿ, ಬಲಗಡಿಗೇ ಕೊಟ್ಟಿದ್ದ. ಎಲ್ಲೋ ನಿಮ್ಮ ಕಡೆ ಏನರೆ ಕಮ್ಮಿ ಬಿತ್ತು ನೋಡ್ರಿ.”

ನಮ್ಮ ಕಡೆ ಏನು ಕಮ್ಮಿ ಬಿತ್ತು? ಯಾರೋ ನೇಮ ಮುರಿದಿರಬೇಕು. ಗೌರವ್ವ ಮನೆ ಮುಟ್ಟುವುದರೊಳಗೆ ಅಡಿಗೆಮನೆಯಲ್ಲಿ ವಿಚಾರಣೆ ಶುರುವಾಯಿತು. ಆಯಿ ತನ್ನನ್ನೇ ಮೊದಲು ಕೇಳಿಕೊಂಡು, ತಾನು ತುಪ್ಪದ ಡಬರಿಯನ್ನು ನೋಡಿದ್ದುಂಟು, ಮುಟ್ಟಿಲ್ಲ ಎಂದಳು. ಅವ್ವನ ಹಾಲು, ಚಂಪತ್ತೆಯ ಮೊಸರು ಎಲ್ಲ ಪಾಸಾದವು. ಸುನಂದಾನ ಸರದಿ ಬಂದಾಗ ಏನೇನು ತಿಂದೆ, ಯಾರ ಮನೆಯಲ್ಲಿ ನೀರು ಕುಡಿದೆ ಎಂದು ಕೇಳುತ್ತ ಕೇಳುತ್ತ, ಅವಳ ತಾಯಿಯೇ ಹಣೆ ಬಡಿದುಕೊಂಡಳು.

“ಅಯ್ಯ ನನ್ನವ್ವ, ಹಲ್ಲಪುಡಿ!”

ನಮ್ಮ ಮನೆಯಲ್ಲಿ ಹಲ್ಲು ತಿಕ್ಕುತ್ತಿದ್ದದ್ದು ಇದ್ದಲಿಯ ಪುಡಿಗೆ ಉಪ್ಪು ಕಲಸಿ. ಸುನಂದಾ ದಿನಾ ಮುಂಜಾನೆ ಅದನ್ನೇ ಬೆರಳಿಗೆ ಹಚ್ಚಿಕೊಂಡು ಬಾವಿಕಟ್ಟೆಗೆ ಹೋಗುತ್ತಿದ್ದಳು. ಯಾರಿಗೂ ಹೊಳೆದಿರಲಿಲ್ಲ. ದಿಲ್ಲಿಯ ಸಭೆಯ ಕುರ್ಚಿ ತಪ್ಪಿದ್ದು ಎಲ್ಲಿಂದ ಎಂದು ಕೊನೆಗೂ ಸಿಕ್ಕಿತು. ಸುನಂದಾ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ಸುದ್ದಿ ಓಣಿಗೆ ಹಬ್ಬಿತು, ಬಸ್ತಿಗೆ ಹೋಯಿತು, ಅಲ್ಲಿಂದ ಸಂತೆಗೆ ಹೋಯಿತು. ಹೆಂಗಸರು ಮತ್ತೆ ಬಂದು ಇಣುಕಿದರು, ಈ ಸಲ ಅವಳ ಹಲ್ಲು ನೋಡಲು. ಬಯ್ದವರು ಒಬ್ಬರೂ ಇಲ್ಲ, ‘ಪಾಪ, ಕೂಸಿಗೆ ಏನ ಗೊತ್ತರಿ’ ಎಂದವರೇ ಎಲ್ಲ. ನನಗೆ ತಡೆಯಲಾಗಲಿಲ್ಲ. ಗೆದ್ದಿದ್ದರೂ ಅವಳಿಂದ, ಸೋತರೂ ಅವಳಿಂದ! ನಾನೂ ಇದೇ ಮನೆಯಲ್ಲಿ ನೇಮ ಹಿಡಿದವಳಲ್ಲವೆ? ನನ್ನಿಂದ ಒಂದು ಇಲೆಕ್ಷನ್ ಸೋತೀತು ಎಂಬ ಸಂಶಯವಾದರೂ ಯಾರಿಗಾದರೂ ಬರಬಾರದೆ? ಆಯಿಯ ಎದುರು ಹೋಗಿ ನಿಂತೆ.

“ಆಯಿ, ನನ್ನೂ ಕೇಳು.”

“ಏನ ಕೇಳೂದು?”

“ನಾ ಮುರದೇನೇನು ಅಂತ.”

“ನೀ ಏನ ಹಿಡದಿದ್ದಿ ಮುರ್ಯಾಕ? ಹೋಗು, ಆಕಳಿಗೆ ನೀರಿಡು.”

ನಾನು ಆಕಳಿಗೆ ನೀರಿಟ್ಟೆ. ಆಕಳ ಜೊತೆ ಆ ದಿನ ಏನೇನು ಮಾತಾಡಿದೆನೋ, ಅದು ಬಹಳ ತಾಳ್ಮೆಯಿಂದ ಕೇಳಿತು.

ಎಣಿಕೆ ಮುಗಿದಿತ್ತು. ಆಯಿ ತುಪ್ಪ ಉಂಡಳು, ಅವ್ವ ಹಾಲು ಕುಡಿದಳು. ಉಳಿದದ್ದು ಸುನಂದಾನ ಉಪ್ಪು. ಗೆದ್ದು ಬರುವ ತನಕ ಎಂದಿದ್ದಳು, ಗೆಲ್ಲಲಿಲ್ಲವಲ್ಲ, ಮುಗಿಸುವುದು ಹೇಗೆ? ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕಿಕೊಂಡು ಮೊದಲಿಗಿಂತ ಕಟ್ಟುನಿಟ್ಟಾಗಿ ಸಪ್ಪೆ ಉಂಡಳು. ಮುಂದಿನ ಸಲ ಮಾಮಾ ಗೆದ್ದರಾಯಿತು ಎಂದು ಎಲ್ಲರೂ ಸಮಾಧಾನ ಮಾಡಿಕೊಂಡಿದ್ದಾಗಲೇ ಇಚಲಕರಂಜಿಯಿಂದ ಅವಳಿಗೆ ಸಂಬಂಧ ಬಂತು. ಮಗ್ಗದ ಶೆಡ್ಡು ಇದ್ದ ಮನೆತನ, ಉಂಡುಟ್ಟು ಸುಖವಾಗಿದ್ದ ಜನ. ಹುಡುಗನ ತಾಯಿ ಬಂದು ಹುಡುಗಿಯನ್ನು ನೋಡಿದರು, ಮೆಚ್ಚಿದರು, ಊಟಕ್ಕೆ ಕೂತರು. ಆಗ ಅವರ ಕಣ್ಣಿಗೆ ಬೇರೆ ಗಡಿಗೆ ಬಿತ್ತು. ಸಂಗತಿ ಕೇಳಿಕೊಂಡು ಕೈ ತೊಳೆದು ಹೇಳಿದರು:

“ನಮ್ಮದು ಮಗ್ಗದ ಮನಿರಿ. ಪಾಳಿ ಮುಗಿಸಿ ಬಂದವರಿಗೆ ಬಿಸಿ ಬಿಸಿ ಬಡಸಬೇಕು. ಸಾರಿನ ಉಪ್ಪು ನಾಲಿಗಿ ಮ್ಯಾಲೆ ಹಾಕಿ ನೋಡಲಾರದ ಸೊಸಿ ಅಡಿಗಿ ಹೆಂಗ ಮಾಡತಾಳ? ಹುಡುಗಿ ಪಸಂತ ಅದಾಳ, ಇಲ್ಲಂದಿಲ್ಲ. ನೇಮ ಮುಗಿಸಿಕೊಂಡು ಹೇಳಿ ಕಳಸ್ರಿ.”

ಅಪ್ಪ ನಿಪ್ಪಾಣಿಗೆ ಹೋಗಿ ಕೇಳಿದರು. ಮಾಮಾ ಇನ್ನು ಜನ್ಮದಲ್ಲಿ ಇಲೆಕ್ಷನ್ನಿಗೆ ನಿಲ್ಲುವುದಿಲ್ಲ ಎಂದರಂತೆ. ಚಂಪತ್ತೆ ಊಟ ಬಿಟ್ಟಳು. ನನಗೆ ಎರಡು ಕಡೆಯಿಂದ ಉರಿ. ಮಗ್ಗದ ಮನೆಯ ಹೊಸ ಹೊಸ ಸೀರೆ ಉಟ್ಟುಕೊಂಡು ಅವಳು ಇಚಲಕರಂಜಿಯಲ್ಲಿ ಮೆರೆಯುತ್ತಾಳೆ ಎಂದು ಒಂದು, ಮದುವೆ ಮುರಿದರೆ ಆಯಿಯ ಕೈತುತ್ತು ತಿನ್ನುತ್ತ ಜೀವನವಿಡೀ ಇಲ್ಲೇ ಇರುತ್ತಾಳೆ ಎಂದು ಇನ್ನೊಂದು. ಯಾವುದು ಹೆಚ್ಚು ಸುಡುತ್ತದೆಂದು ಯೋಚಿಸಿ ನೋಡಿದೆ. ಇರುವುದೇ ಹೆಚ್ಚು ಸುಡುತ್ತಿತ್ತು.

ದಾರಿ ಹುಡುಕಿದವಳು ಆಯಿ. ಒಂದು ಮುಂಜಾನೆ ಅಕ್ಕಿ ಆರಿಸುತ್ತ ಕೂತವಳು ಮೊರ ಕೆಳಗಿಟ್ಟು, ‘ಪೋರಿ ಏನಂದಿದ್ಲು? ಮಾಮಾ ಗೆದ್ದು ಬರೋತನಕ ಅಂದಿದ್ಲು. ಏನ ಗೆದ್ದು? ಹೇಳೇ ಇಲ್ಲಲ್ಲ!’ ಎಂದಳು. ಉಪಾಧ್ಯೆಯವರನ್ನು ಕರೆಸಿದರು. ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡು ಕೊನೆಗೆ ಮರಾಠಿಯಲ್ಲಿ ಒಂದು ಮಾತು, ಕನ್ನಡದಲ್ಲಿ ಒಂದು ಮಾತು ಹೇಳಿದರು:

“ಶಬ್ದ ಮ್ಹಣಜೆ ಶಬ್ದ. ಮಾತಂದ್ರ ಮಾತು. ಹೇಳಿಲ್ಲ ಅಂದ್ರ ಹೇಳಿಲ್ಲ, ಯಾವ ಗೆಲುವಾದ್ರೂ ನಡೀತೈತಿ. ಆದ್ರ ಖರೆ ಗೆಲುವಾಗಬೇಕು. ಬಿಟ್ಟುಕೊಟ್ಟದ್ದು ದಾನ ಆಕ್ಕೈತಿ, ಗೆಲುವಲ್ಲ.”

ಮಾಮಾ ಬಂದರು. ಕೋಟು ಮೈಮೇಲೆ ಸಡಿಲಾಗಿತ್ತು. ಈ ಸಲವೂ ನನ್ನನ್ನು ಕೂಗಲಿಲ್ಲ, ಯಾರನ್ನೂ ಕೂಗಲಿಲ್ಲ. ಚೌಕಾಬಾರಾ ಆಡಿ ಗೆಲ್ಲಬೇಕೆಂದು ಆಯಿ ಹೇಳಿದಾಗ ಒಣ ನಗೆ ನಕ್ಕರು, ಸುನಂದಾನ ಇಳಿದ ಮುಖ ನೋಡಿ ಸುಮ್ಮನೆ ಕಟ್ಟೆಯ ಮೇಲೆ ಕೂತರು. ಎದುರಿಗೆ ಯಾರು ಕೂಡಬೇಕು? ಅವ್ವ ಸೋದರಿ, ಬಿಟ್ಟುಕೊಡುತ್ತಾಳೆ. ಚಂಪತ್ತೆ ಹುಡುಗಿಯ ತಾಯಿ, ಅವಳಂತೂ ಮೊದಲೇ ಬಿಟ್ಟುಕೊಡುತ್ತಾಳೆ. ಗೌರವ್ವನೂ ಬೇಡ. ಆಯಿಯ ಕಣ್ಣು ಸುತ್ತಿ ಸುತ್ತಿ ನನ್ನ ಮೇಲೆ ಬಂದು ನಿಂತಿತು.

“ಶಾಂತಾ ಆಡಲಿ. ಸುನಂದಾನ್ನ ಕಂಡ್ರ ಈಕಿಗೆ ಹೊಟ್ಟಿಕಿಚ್ಚು. ಸತ್ತರೂ ಬಿಟ್ಟುಕೊಡಾಕಿ ಅಲ್ಲ ಈಕಿ.”

“ಹೌದ್ರಿ, ಹೌದ್ರಿ” ಎಂದರು ಎಲ್ಲರೂ. ಉಪಾಧ್ಯೆಯವರೂ ತಲೆಯಾಡಿಸಿದರು. ಅಂದರೆ ಇಷ್ಟು ದಿನ ನಾನು ಬಚ್ಚಿಟ್ಟುಕೊಂಡಿದ್ದೇನೆಂದು ತಿಳಿದಿದ್ದ ಹೊಟ್ಟೆಕಿಚ್ಚು ಬಸ್ತಿಯ ಉಪಾಧ್ಯೆಯವರ ತನಕ ಎಲ್ಲರಿಗೂ ಗೊತ್ತಿತ್ತು. ನಾಚಿಕೆಯಾಗಬೇಕಾಗಿತ್ತು. ಆಗಲಿಲ್ಲ. ಆ ಮನೆಯಲ್ಲಿ ಮೊದಲ ಸಲ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ನನ್ನ ಒಂದು ಗುಣದ ಮೇಲೆ ಭರವಸೆ ಇಟ್ಟು ನೋಡುತ್ತಿದ್ದರು. ಲಂಗ ಸರಿ ಮಾಡಿಕೊಂಡು ಕೂತೆ.

ನನ್ನ ಹೊಟ್ಟೆಕಿಚ್ಚು ಮಾತ್ರ ಆ ದಿನ ಅವರ ಲೆಕ್ಕದ ಹಾಗೆ ಇರಲಿಲ್ಲ. ಸೋಲು, ಸೋಲು, ಇವಳು ಉಪ್ಪು ತಿಂದು ಇಚಲಕರಂಜಿಗೆ ಹೋಗಲಿ ಎಂದು ಅದು ಒಳಗಿನಿಂದ ತಿವಿಯುತ್ತಿತ್ತು. ಆದರೆ ಬೇಕೆಂದು ಸೋತರೆ ಗೆಲುವು ದಾನವಾಗುತ್ತದೆ, ನೇಮ ಹಾಗೇ ಉಳಿಯುತ್ತದೆ. ಅವಳನ್ನು ಕಳಿಸಬೇಕಾದರೆ ನಾನು ಪ್ರಾಮಾಣಿಕವಾಗಿ ಆಡಿ ಪ್ರಾಮಾಣಿಕವಾಗಿ ಸೋಲಬೇಕು. ಇಂಥ ಕಷ್ಟ ಯಾವ ಶತ್ರುವಿಗೂ ಬೇಡ. ಬೀಜಗಳಿಗೆ ಆ ದಿನ ಏನಾಗಿತ್ತೋ, ಒಗೆದರೆ ಬಾರಾ, ಒಗೆದರೆ ಚೌಕಾ. ನನ್ನ ಕಾಯಿಗಳು ಒಂದರ ಹಿಂದೆ ಒಂದು ನಡುವಿನ ಮನೆ ಸೇರಿ ಹಣ್ಣಾದವು. ಮಾಮಾನ ಕಾಯಿಯನ್ನು ಊರಿಗೆ ಕಳಿಸಬೇಕಾದ ಮನೆಗೇ ನನ್ನ ಕಾಯಿ ಬಂದು ಬಂದು ಕೂತಿತು. ಕಳಿಸಿದೆ, ಕಳಿಸದಿದ್ದರೆ ಉಪಾಧ್ಯೆಯವರು ನೋಡುತ್ತಿದ್ದರು. ಪ್ರತಿ ಸಲ ನಾನು ‘ಊರಿಗೆ’ ಎಂದಾಗ ಮಾಮಾ ಕಾಯಿ ಎತ್ತಿ ವಾಪಸ್ಸು ಇಡುತ್ತ, ‘ಅಭ್ಯಾಸ ಆಗೇತಿ ತಗೊ’ ಎನ್ನುತ್ತಿದ್ದರು. ಚಂಪತ್ತೆ ಕಂಬದ ಹಿಂದೆ ಅಳುತ್ತಿದ್ದಳು. ಸುನಂದಾ ಹೊಸ್ತಿಲ ಒಳಗೆ ಉಪ್ಪಿನ ಬಟ್ಟಲು ಹಿಡಿದು ನಿಂತಿದ್ದಳು. ಮೊದಲನೆಯ ಆಟ ನಾನೇ ಗೆದ್ದೆ. ನನ್ನ ಬದುಕಿನಲ್ಲಿ ಗೆದ್ದು ಅತ್ತದ್ದು ಅದೊಂದೇ ಸಲ. ಮತ್ತೊಂದು ಆಟ ಹೂಡಿದರು. ಅದರಲ್ಲಿ ಮಾಮಾನಿಗೂ ಬೀಜ ಬೀಳತೊಡಗಿತು, ಕೊನೆಗೆ ಇಬ್ಬರದೂ ಒಂದೊಂದು ಕಾಯಿ ಉಳಿಯಿತು. ಅವರದು ಹಣ್ಣಾಗಲು ಒಂದು ಮನೆ ದೂರ, ನನ್ನದು ಮೂರು. ನನ್ನ ಕೈ. ಬೀಜಗಳನ್ನು ಮುಷ್ಟಿಯಲ್ಲಿ ಆಡಿಸಿ, ಕಣ್ಣು ಮುಚ್ಚಿ ಒಗೆದೆ. ಎರಡು ಬಿತ್ತು. ಮಾಮಾ ಒಗೆದರು. ಒಂದು.

ಆಮೇಲಿನ ಗದ್ದಲ ಏನು ಹೇಳಲಿ! ‘ಗೆದ್ರು! ಮಾಮಾ ಗೆದ್ರು!’ ಎಂದು ತುಕಾರಾಮ ಗಾಡಿಯ ಹತ್ತಿರದಿಂದ ಕೂಗಿದ. ಗೆದ್ದರೆ ಸಾಲದು, ಗೆದ್ದು ‘ಬರಬೇಕು’ ಎಂದು ಆಯಿ ಮಾಮಾನನ್ನು ಅಂಗಳಕ್ಕೆ ಇಳಿಸಿ, ಕಾಲಿಗೆ ನೀರು ಹಾಕಿ, ಆರತಿ ಬೆಳಗಿ, ದಿಲ್ಲಿಯಿಂದ ಬಂದವರ ಹಾಗೆ ಹೊಸ್ತಿಲು ದಾಟಿಸಿದಳು. ಎಲ್ಲರೂ ಒಳಗೆ ಓಡಿದರು. ಆಯಿ ಒಂದು ಚಿಟಿಕೆ ಉಪ್ಪನ್ನು ಅನ್ನಕ್ಕೆ ಕಲಸಿ ತನ್ನ ಕೈಯಿಂದ ಸುನಂದಾನ ಬಾಯಿಗೆ ಇಟ್ಟದ್ದು ಕಿಟಕಿಯಿಂದ ಕಂಡಿತು. ಆ ಗೆಲುವು ಕೂಡ ಅವಳ ಹೆಸರಿಗೇ ಜಮಾ ಆಯಿತು, ‘ಪೋರಿಯ ನೇಮದ ಬಲ ನೋಡ್ರಿ’ ಎಂದು ಗೌರವ್ವ ಹೇಳುತ್ತಿದ್ದಳು. ಕಟ್ಟೆಯ ಮೇಲೆ ನಾನು, ಹುಣಸೆಬೀಜ, ಇಷ್ಟೇ. ಯಾರೋ ಹೊರಗೆ ಬಂದ ಸಪ್ಪಳವಾಯಿತು. ಮಾಮಾ. ಕೈಯಲ್ಲಿ ಬಂದವರಿಗೆ ನೀರಿನ ಜೊತೆ ಕೊಡುವ ಬೆಲ್ಲದ ತಾಟಿತ್ತು.

“ಶಾಂತಾ” ಎಂದು ಕೂಗಿದರು. ಎಷ್ಟೋ ದಿನಕ್ಕೆ. “ಖರೇನ ಸೋತೆಯೇನವ್ವಿ?”

“ಖರೇರಿ.”

ಅವರ ಮುಖ ಅರಳಿತು. ದೊಡ್ಡದೊಂದು ಬೆಲ್ಲದ ಹಳಕು ಆರಿಸಿ ನನ್ನ ಕಡೆ ಚಾಚಿದರು.

“ತಗೊ. ಸೋತವರ ಸಂಕಟ ನನಗ ಗೊತ್ತೈತಿ.”

ನಾನು ಬೇಡವೆಂದು ತಲೆಯಾಡಿಸಿದೆ. ಯಾಕೆ ಎಂದರು. ಆಗ ಬಸ್ತಿಯಲ್ಲಿ ಹೇಳಿದ ನನ್ನ ವಾಕ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ದಿಲ್ಲಿ ಇಲೆಕ್ಷನ್ ಎಂದು ಸ್ಪಷ್ಟವಾಗಿ ಹೇಳಿಬಿಟ್ಟಿದ್ದೆನಲ್ಲ, ಚೌಕಾಬಾರಾದ ಗೆಲುವು ನನಗೆ ನಡೆಯುತ್ತಿರಲಿಲ್ಲ. ಮಾಮಾ ಹಳಕು ಹಿಡಿದ ಕೈಯನ್ನು ಹಿಂದೆಗೆದುಕೊಂಡರು.

“ಅಂದ್ರ ನೀ ಅವತ್ತಿಂದ ಇನ್ನೂ? ಈ ಬೆಲ್ಲದ ಮನ್ಯಾಗ? ನಾ ಇನ್ನ ಇಲೆಕ್ಷನ್ನಿಗೆ ನಿಲ್ಲಂಗಿಲ್ಲಲ್ಲವ್ವಿ.”

“ನಿಲ್ಲಬ್ಯಾಡ್ರಿ ಮಾಮಾ” ಎಂದೆ.

ನಿಂತರೆ ಗೆಲ್ಲಬಹುದು, ಗೆದ್ದರೆ ನನ್ನ ನೇಮ ಮುಗಿದುಹೋಗುತ್ತದೆ. ಸುನಂದಾ ಉಪ್ಪು ತಿಂದಾಗಿತ್ತು. ಮಾಮಾನ ಹೆಸರಿನಲ್ಲಿ ಆ ಮನೆಯಲ್ಲಿ ಉಳಿದದ್ದು ನನ್ನದೊಂದೇ. ಅದನ್ನು ಯಾರಿಗೂ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ. ಮಾಮಾ ಆ ಹಳಕನ್ನು ತಾವೂ ತಿನ್ನದೆ ತಾಟಿಗೆ ಇಟ್ಟರು. ಅಂದಿನಿಂದ ನಮ್ಮ ಮನೆಗೆ ಬಂದಾಗ ಅವರು ಬರೇ ನೀರು ಕುಡಿಯುತ್ತಿದ್ದರು. ಬೆಲ್ಲ ಯಾಕೆ ಒಲ್ಲಿರಿ ಎಂದು ಅವ್ವ ಕೇಳಿದರೆ, ‘ಶಾಂತಾನ್ನ ಕೇಳು’ ಎನ್ನುತ್ತಿದ್ದರು. ಯಾರೂ ಕೇಳಲಿಲ್ಲ, ಇರಲಿ.

ಮೊನ್ನೆ ಇಚಲಕರಂಜಿಗೆ ಹೋಗಿದ್ದೆ. ಸುನಂದಾ ಈಗ ಹಣ್ಣು ಹಣ್ಣು ಮುದುಕಿ, ನಾನೂ ಅಷ್ಟೆ. ಅವಳಿಗೆ ರಕ್ತದೊತ್ತಡ. ಡಾಕ್ಟರು ಉಪ್ಪು ಬಿಡಿಸಿದ್ದಾರೆ. ಮತ್ತೆ ಬೇರೆ ಪಾತ್ರೆ, ಬೇರೆ ಸಾರು, ಸೊಸೆಯಂದಿರು ಸುತ್ತ ನಿಂತು ತುತ್ತು ಮಾಡಿ ತಿನ್ನಿಸುವುದು, ‘ಪಾಪ, ಸಪ್ಪೆ ಹೆಂಗ ಉಣ್ಣತಾರ’ ಎನ್ನುವುದು. ನೋಡುತ್ತ ಕೂತಾಗ ಈ ವಯಸ್ಸಿನಲ್ಲೂ ನನ್ನ ಹೊಟ್ಟೆಯಲ್ಲಿ ಹಳೆಯ ಒಲೆ ಹೊತ್ತಿಕೊಂಡಿತು. ಅಷ್ಟರಲ್ಲಿ ಒಬ್ಬ ಸೊಸೆ ನನ್ನ ತಾಟಿಗೆ ಬಿಸಿ ಹೋಳಿಗೆ ಬಡಿಸಿ ಹೋದಳು. ಬೆಲ್ಲದ ಹೋಳಿಗೆ. ನಾನು ಮಾತಾಡದೆ ಅದನ್ನು ತಾಟಿನ ಅಂಚಿಗೆ ಸರಿಸಿದೆ. ಸಕ್ಕರೆ ಕಾಯಿಲೆ ಇರಬೇಕೆಂದುಕೊಂಡು ಯಾರೂ ಕೇಳಲಿಲ್ಲ. ಸೊಸೆಯಂದಿರು ಒಳಗೆ ಹೋದ ಮೇಲೆ ಸುನಂದಾ ನನ್ನ ಕಡೆ ಬಾಗಿದಳು.

“ಮಾಮಾ ಇನ್ನೂ ಗೆದ್ದಿಲ್ಲೇನ?”

ನಾನು ಕೈಯ ತುತ್ತನ್ನು ತಾಟಿಗೆ ಇಟ್ಟೆ.

“ನಿನಗ ಹೆಂಗ ಗೊತ್ತು?”

“ಬಸ್ತ್ಯಾಗ ನನ್ನ ಮಗ್ಗಲದಾಗ ನಿಂತು ಹೇಳಿದೆಲ್ಲ. ಎಲ್ಲಾರೂ ನನ್ನ ಕಣ್ಣ ಒರಸಾಕತ್ತಿದ್ರು, ನನ್ನ ಕಿವಿ ನಿನ್ನ ಕಡೆ ಇತ್ತು. ಸೋದರಮಾಮಾ ಅಂತ ಒತ್ತಿ ಒತ್ತಿ ಅಂದಿ. ನನಗ ಇದ್ದ ಒಬ್ಬ ಮಾಮಾನೂ ನಿನ್ನ ಅಪ್ಪನೇ ಆಗಿದ್ದ. ನಿನಗ ಅಪ್ಪನೂ ಇದ್ದ, ಮಾಮಾನೂ ಇದ್ದ. ನಿನ್ನ ಕಂಡ್ರ ಹೊಟ್ಟಿ ಉರೀತಿತ್ತು ನನಗ. ಅದಕ್ಕ ಉಪ್ಪ ಬಿಟ್ಟೆ.”

ನನ್ನ ಕಿವಿ ಈಗಲೂ ಚುರುಕಾಗಿದೆ. ಪಕ್ಕದ ಶೆಡ್ಡಿನ ಮಗ್ಗದ ಸದ್ದಿಗೆ ಏನೂ ಕೇಳಿಸಲಿಲ್ಲವೆಂದು ಸುಳ್ಳು ಹೇಳಿ, ಅವಳಿಂದ ಇನ್ನೊಮ್ಮೆ ಹೇಳಿಸಿದೆ.